ಗಿಡುಗನ ಬೆಟ್ಟಕ್ಕೆ ಕಾವಲು ನಿಂತವರು

1934ರ ಸೆಪ್ಟೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಿಟಟಿನಿ ಬೆಟ್ಟಸಾಲಿನ ರಸ್ತೆಯಲ್ಲಿ ಇರ್ಮಾ ಬ್ರೌನ್ ಎಂಬ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಕಾವಲು ನಿಂತರು. ಕೋವಿ ಹೆಗಲಿಗೇರಿಸಿಕೊಂಡು ಬರುವ ಗಂಡಸರನ್ನು ತಡೆದು, ‘ಇನ್ನು ಇಲ್ಲಿ ಶಿಕಾರಿ ಇಲ್ಲ, ಇದು ಖಾಸಗಿ ಜಾಗ’ ಎಂದು ತಿಳಿಸಿ ವಾಪಸು ಕಳಿಸುವುದು ಅವರ ಕೆಲಸ. ಬಂದವರು ಬೈದರು, ಬೆದರಿಸಿದರು. ಇರ್ಮಾ ಜಾಗ ಬಿಟ್ಟು ಕದಲಲಿಲ್ಲ. ಅವರ ಗಂಡ ಮಾರಿಸ್ ಈ ಹುದ್ದೆಗೆ ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಎಂದು ಒಪ್ಪಿಕೊಂಡು ಬಂದಿದ್ದರು.

ಹಾಕ್ ಮೌಂಟನ್ ಅಭಯಾರಣ್ಯದ ಕಥೆಯನ್ನು ಎಲ್ಲರೂ ರೊಸಾಲಿ ಎಡ್ಜ್ ಅವರಿಂದ ಶುರುಮಾಡುತ್ತಾರೆ. ಅದು ಸರಿಯೇ, ದುಡ್ಡು ಹೊಂದಿಸಿ ಬೆಟ್ಟ ಕೊಂಡವರು ಅವರು. ಆದರೆ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದ ನನಗೆ ‘ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ’ ಎಂದು ಅಳಿಯನ ಬೆನ್ನು ಹತ್ತುವಷ್ಟು ಆಸೆ ಹುಟ್ಟಿಸಿದ್ದು ಇರ್ಮಾ.

ಆ ಕಾಲದಲ್ಲಿ ಬೇಟೆಹಕ್ಕಿ ಎಂದರೆ ಕೋಳಿ ಕದಿಯುವ ಪೀಡೆ. ಗಾಸ್‌ಹಾಕ್ ಎಂಬ ದೊಡ್ಡ ಗಿಡುಗನನ್ನು ಕೊಂದು ತಂದವರಿಗೆ ಪೆನ್ಸಿಲ್ವೇನಿಯಾದ ಗೇಮ್ ಕಮಿಷನ್ 1929ರಿಂದ 5 ಡಾಲರ್ ಇನಾಮು ಕೊಡುತ್ತಿತ್ತು. ಶರತ್ಕಾಲದಲ್ಲಿ ಬೆಟ್ಟದ ತುದಿಯ ಬಂಡೆಗಳ ಮೇಲೆ ನಿಂತರೆ ದಕ್ಷಿಣಕ್ಕೆ ವಲಸೆ ಹೊರಟ ಹಕ್ಕಿಗಳು ಕಣ್ಣೆತ್ತರದಲ್ಲೇ ಹಾದುಹೋಗುತ್ತವೆ. ಇನಾಮಿನ ಹಕ್ಕಿ ಯಾವುದು, ಉಳಿದದ್ದು ಯಾವುದು ಎಂದು ನೋಡುವ ತಾಳ್ಮೆ ಯಾರಿಗಿತ್ತು? ಎಲ್ಲವನ್ನೂ ಹೊಡೆದರು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಸತ್ತ ಹಕ್ಕಿಗಳನ್ನು ಕಾಡಿನ ನೆಲದಲ್ಲಿ ಸಾಲಾಗಿ ಜೋಡಿಸಿ ಫೋಟೊ ತೆಗೆದ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದ್ದ, ಐವತ್ತು ದಾಟಿದ ಎಡ್ಜ್ ಆ ಚಿತ್ರಗಳನ್ನು ನೋಡಿದರು. ದೊಡ್ಡ ಸಂಘಸಂಸ್ಥೆಗಳು ಮೀನಮೇಷ ಎಣಿಸುತ್ತಿದ್ದಾಗ ಸುಮಾರು 1,400 ಎಕರೆಯನ್ನು ಮೊದಲು ಗುತ್ತಿಗೆಗೆ ಪಡೆದರು, ಆಮೇಲೆ ಕೊಂಡೇಬಿಟ್ಟರು. ಕಾನೂನು ಬದಲಾಯಿಸಲು ವರ್ಷಗಟ್ಟಲೆ ಬೇಕು, ಜಮೀನಿಗೆ ಬೇಲಿ ಹಾಕಲು ಒಂದು ಪತ್ರ ಸಾಕು ಎಂಬ ಈ ಯುಕ್ತಿ ನನಗೆ ಬಹಳ ಹಿಡಿಸಿತು.

ಇರ್ಮಾ ಕೆಳಗೆ ಗೇಟು ನೋಡಿಕೊಂಡಿದ್ದರಿಂದಲೇ ಮಾರಿಸ್ ಮೇಲೆ ಹೋಗಿ ಬಂಡೆಯ ಮೇಲೆ ಕೂತು ಹಕ್ಕಿ ಎಣಿಸಲು ಸಾಧ್ಯವಾಯಿತು. ಲೆಕ್ಕದ ಪುಸ್ತಕದಲ್ಲಿರುವುದು ಮಾರಿಸ್ ಹೆಸರು. ಪುಸ್ತಕಗಳಲ್ಲಿ ಹೀಗಾಗುವುದು ಮಾಮೂಲು. ದಂಪತಿ ಬಹುಕಾಲ ಬಾಳಿದ ಶಾಂಬಾಕ್ ಎಂಬ ಹಳೆಯ ಮನೆ ಈಗಲೂ ರಸ್ತೆ ಪಕ್ಕದಲ್ಲಿದೆ. ಅದರ ಹಿಂದಿನ ಮಾಲೀಕ ದಾರಿಹೋಕ ವ್ಯಾಪಾರಿಗಳನ್ನು ಕೊಲ್ಲುತ್ತಿದ್ದ ಎಂಬ ದಂತಕಥೆ ಆ ಸೀಮೆಯಲ್ಲಿ ಉಳಿದುಕೊಂಡಿದೆ. ಕೋವಿಯವರಿಗೇ ಜಗ್ಗದ ಇರ್ಮಾ ದೆವ್ವಕ್ಕೆ ಜಗ್ಗಿಯಾರೇ! ಬೆಟ್ಟಕ್ಕೆ ಬಂದ ಪಕ್ಷಿಪ್ರಿಯರಿಗೆ ಆ ಮನೆಯಲ್ಲೇ ಆತಿಥ್ಯ. 1966ರಲ್ಲಿ ಮಾರಿಸ್ ನಿವೃತ್ತರಾಗುವ ತನಕ ಬೆಟ್ಟ ಅವರ ಸಂಸಾರವೇ ಆಗಿತ್ತು.

ಕೊನೆಗೂ ನಾವು ಆ ಬೆಟ್ಟಕ್ಕೆ ಹೋದೆವು. ಹಕ್ಕಿ ನೋಡುವ ತಾಣಗಳಲ್ಲಿ ಸೌತ್ ಲುಕೌಟ್ ಹತ್ತಿರದ್ದು, ಗಾಲಿಕುರ್ಚಿಯವರೂ ಹೋಗಬಹುದು. ನಾರ್ತ್ ಲುಕೌಟಿಗೆ ಕಲ್ಲುದಾರಿಯಲ್ಲಿ ಮಂಡಿಯ ಕ್ಷಮೆ ಕೇಳುತ್ತ ಹತ್ತಬೇಕು. ಎತ್ತರ 1,521 ಅಡಿ, ನಮ್ಮ ನಂದಿಬೆಟ್ಟದ ಮೂರನೇ ಒಂದು ಪಾಲೂ ಇಲ್ಲ. ಇಲ್ಲಿನ ಮಹಿಮೆ ಎತ್ತರದ್ದಲ್ಲ, ಉದ್ದದ್ದು. ವಾಯವ್ಯದಿಂದ ಬೀಸಿದ ಗಾಳಿ ಉದ್ದನೆಯ ಬೆಟ್ಟಸಾಲಿಗೆ ಬಡಿದು ಮೇಲಕ್ಕೆ ತಿರುಗುತ್ತದೆ; ರೆಕ್ಕೆ ಬಡಿಯದೆ ಅದರ ಮೇಲೇ ತೇಲಿಕೊಂಡು ಹೋದರೆ ಹಕ್ಕಿಗೆ ಮೈಯ ಕೊಬ್ಬು ಉಳಿತಾಯ. ಸೆಪ್ಟೆಂಬರ್ ನಡುವಿನಲ್ಲಿ ಬರುವ ಬ್ರಾಡ್-ವಿಂಗ್ಡ್ ಹಾಕ್‌ಗಳ ದಾರಿ ಸ್ವಲ್ಪ ಬೇರೆ. ಬಿಸಿಲಿಗೆ ಕಾದು ಏರುವ ಗಾಳಿಯನ್ನು ಹಿಡಿದು ಗುಂಪುಗುಂಪಾಗಿ ಸುತ್ತುತ್ತ ಮೇಲೇರುತ್ತವೆ, ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಸುಳಿಗಾಳಿಗೆ ಸಿಕ್ಕಿ ಏರಿದ ಹಾಗೆ. ಏರಿದ ಮೇಲೆ ಒಂದೊಂದೇ ಜಾರಿ ದಕ್ಷಿಣಕ್ಕೆ. ಹೆಚ್ಚಿನವು ಅರ್ಧ ಕಿಲೋ ತೂಗದ ಈ ಹಕ್ಕಿಗಳು ಮುಟ್ಟಬೇಕಾದ್ದು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ.

ಎದುರಿನ ಗುಡ್ಡದುಬ್ಬುಗಳಿಗೆ ಇಲ್ಲಿ ಹಕ್ಕಿ ಎಣಿಸುವವರು ನಂಬರು ಕೊಟ್ಟಿದ್ದಾರೆ. ‘ಬರ್ಡ್ ಓವರ್ ತ್ರೀ!’ ಎಂದು ಯಾರೋ ಕೂಗಿದರೆ ಬಂಡೆಯ ಮೇಲಿನ ದುರ್ಬೀನುಗಳೆಲ್ಲ ಒಟ್ಟಿಗೆ ಅತ್ತ ತಿರುಗುತ್ತವೆ. ಕಂಬದ ತುದಿಯಲ್ಲಿ ಒಂದು ನಕಲಿ ಗೂಬೆ. ಗೂಬೆ ಕಂಡರಾಗದ ಗಿಡುಗಗಳು ಅದಕ್ಕೆ ಎರಗಲು ಹತ್ತಿರ ಬರುತ್ತವೆ. ನಾವು ಚಿತ್ರಾನ್ನದ ಡಬ್ಬಿ ಬಿಚ್ಚಿದ ಹೊತ್ತಿಗೇ ಒಂದು ಎರಗಿತು, ಅಳಿಯನ ಚಮಚ ಬಂಡೆಯ ಸಂದಿಗೆ ಬಿತ್ತು. ಎಣಿಸುವವರು ಮಾತ್ರ ಗಂಟೆಗೊಮ್ಮೆ ಗಾಳಿಯ ದಿಕ್ಕು, ಮೋಡ, ಉಷ್ಣತೆ, ಯಾವ ಹಕ್ಕಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ ಇದೇ ಕಾಯಕ. ಸರಾಸರಿ ಒಂದು ಹಂಗಾಮಿಗೆ 18,000 ಹಕ್ಕಿಗಳ ಆಸುಪಾಸು.

ಈ ನೀರಸ ಲೆಕ್ಕವೇ ಒಮ್ಮೆ ದೊಡ್ಡ ಸಾಕ್ಷಿ ಹೇಳಿತು. 1930ರ ದಶಕದ ಕೊನೆಯಲ್ಲಿ ಇಲ್ಲಿ ಹಾದುಹೋದ ಬಾಲ್ಡ್ ಈಗಲ್‌ಗಳಲ್ಲಿ ನೂರಕ್ಕೆ ಸುಮಾರು 40 ಎಳೆಯವು. 1950ರ ದಶಕದಲ್ಲಿ 20ಕ್ಕೆ ಇಳಿಯಿತು. 1957ರಲ್ಲಂತೂ 32 ಬಲಿತ ಹದ್ದುಗಳಿಗೆ ಒಂದೇ ಒಂದು ಮರಿ. ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕಕ್ಕೆ ಈ ಅಂಕಿಗಳು ಒದಗಿದವು. ಬಾಲ್ಡ್ ಈಗಲ್ ಮರಳಿ ಚೇತರಿಸಿಕೊಂಡಿತು. ಆದರೆ ಕೆಸ್ಟ್ರೆಲ್ ಎಂಬ ಪುಟಾಣಿ ಬೇಟೆಹಕ್ಕಿ ಈಗ ಕಡಿಮೆಯಾಗುತ್ತಿದೆ.

ಇನಾಮಿನ ಗಾಸ್‌ಹಾಕ್ ಬರುವುದು ಚಳಿ ಏರಿದ ಮೇಲೆ, ನಾವು ಹೋದದ್ದು ಅದಕ್ಕೆ ತೀರಾ ಬೇಗ. ಪೆನ್ಸಿಲ್ವೇನಿಯಾದಲ್ಲಿ ಗೂಡು ಕಟ್ಟುವ ಗಾಸ್‌ಹಾಕ್‌ಗಳು ಈಗ ತೀರಾ ವಿರಳ. 2021ರಲ್ಲಿ ಅದನ್ನು ಆ ರಾಜ್ಯದ ಅಳಿವಿನಂಚಿನ ಹಕ್ಕಿಗಳ ಪಟ್ಟಿಗೆ ಸೇರಿಸಿದರು. ಸೇರಿಸಿದ್ದು ಹಿಂದೆ ತಲೆಗೆ 5 ಡಾಲರ್ ಕೊಡುತ್ತಿದ್ದ ಅದೇ ಗೇಮ್ ಕಮಿಷನ್.