ಹಳೆಯ ಮೋಟಾರಿನಲ್ಲಿ ಪೆಟ್ರೋಲು ಏಕೆ ಸೋರುತ್ತದೆ?

ಹಳೆಯ ಮೋಟಾರುಗಾಡಿಯ ಬಳಿ ನಿಂತಾಗ ಪೆಟ್ರೋಲಿನ ವಾಸನೆ ಬಂದರೆ ಅದರ ಒಡೆಯರು ಸಾಮಾನ್ಯವಾಗಿ ಗಾಬರಿಪಡುವುದಿಲ್ಲ. ಮುದಿ ಗಾಡಿಗೆ ಈ ವಾಸನೆ ಸಹಜವೆಂದು ಅವರ ಭಾವನೆ. ಸಹಜವೆಂಬುದು ನಿಜವಿರಬಹುದು, ನಿರಪಾಯವೆಂಬುದು ಮಾತ್ರ ಸುಳ್ಳು. ಆ ವಾಸನೆಯ ಮೂಲವು ಬಹುಮಟ್ಟಿಗೆ ಪೆಟ್ರೋಲ್ ಕೊಳವೆಯ ಒಂದು ಸಣ್ಣ ಜೋಡಣೆಯಲ್ಲಿ ಅಡಗಿರುತ್ತದೆ. ಅಲ್ಲಿ ನಡೆಯುವುದೇನೆಂದು ತಿಳಿದುಕೊಂಡರೆ ಲೋಹಗಳ ಸ್ವಭಾವದ ಬಗೆಗೂ ನಮಗೆ ಒಂದು ಪಾಠವಾಗುತ್ತದೆ.

ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ, ಒಂದು ಮನೆಯ ಅಂಗಳದಲ್ಲಿ, ಹಳೆಯ ಜೀಪೊಂದು ನಿಂತಿದೆಯೆಂದು ಭಾವಿಸೋಣ. ಎರೆಭೂಮಿಯ ಆ ಸೀಮೆಯಲ್ಲಿ ಮಳೆ ಬಿದ್ದೊಡನೆ ದಾರಿಗಳು ಅಂಟುಕೆಸರಾಗುತ್ತಿದ್ದ ಕಾಲವೊಂದಿತ್ತು. ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಊಡುವ ಜೀಪಿಗೆ ಅಂತಹ ಕಡೆ ಸಹಜವಾಗಿಯೇ ಬೆಲೆಯಿತ್ತು. ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ್ದು 1940ರ ದಶಕದ ಕೊನೆಯಲ್ಲಿ. ಬೆಳಗಾವಿ ಜಿಲ್ಲೆಯು 1956ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದಿತು. ಈ ಜೀಪುಗಳಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಚಾಲಕನ ಆಸನದ ಕೆಳಗೆ! ಅಲ್ಲಿಂದ ಲೋಹದ ಕೊಳವೆಯೊಂದು ಇಂಜಿನ್ನಿನ ಪಕ್ಕದ ಪಂಪಿಗೂ, ಪಂಪಿನಿಂದ ಇನ್ನೊಂದು ಕೊಳವೆ ಕಾರ್ಬ್ಯುರೇಟರಿಗೂ ಹೋಗುತ್ತದೆ. ಕಾರ್ಬ್ಯುರೇಟರಿನ ಸಮೀಪದಲ್ಲಿಯೇ ಕಾದ ಹೊಗೆಗೊಳವೆಯೂ ಇರುತ್ತದೆ.

ಇಂತಹ ಕಡೆ ಸೆಕೆಂಡಿಗೆ ಒಂದು ಹನಿ ಸೋರಿದರೆ ಏನಾದೀತು? ಪೆಟ್ರೋಲಿನ ಹನಿ ನೀರಿನ ಹನಿಗಿಂತ ಚಿಕ್ಕದು. ಸುಮಾರು 50 ಹನಿ ಸೇರಿದರೆ ಒಂದು ಮಿಲಿಲೀಟರು. ಅಂದರೆ ಗಂಟೆಗೆ 70 ಮಿಲಿಲೀಟರು, ಒಂದು ಸಣ್ಣ ಚಹಾ ಕಪ್ಪಿನಷ್ಟು. ಇದು ಪೂರ್ತಿ ಆವಿಯಾದರೆ ಸುಮಾರು 13 ಲೀಟರು ಆವಿಯಾಗುತ್ತದೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದು ಗಂಟೆಯ ಸೋರಿಕೆಯಿಂದ ಹೆಚ್ಚುಕಡಮೆ ಒಂದು ಘನಮೀಟರು ದಹನಶೀಲ ಮಿಶ್ರಣ ಸಿದ್ಧವಾಗಬಲ್ಲುದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಚದರದೆ, ನೆಲದ ತಗ್ಗಿನಲ್ಲಿ ನೀರಿನಂತೆ ಮಡುಗಟ್ಟಿ ನಿಲ್ಲುತ್ತದೆ. ಗಾಡಿಯ ಕೆಳಗೆ ಇಳಿದು ಕೆಲಸಮಾಡುವ ಗುಂಡಿಗಳು ಅಪಾಯಕರವಾಗಿರುವುದು ಇದರಿಂದಲೇ.

ಕೆಲವರು ಕೊಳವೆಯಲ್ಲಿ ನೀರು ತುಂಬಿ ಪರೀಕ್ಷಿಸಿ, ಸೋರಲಿಲ್ಲವೆಂದು ತೃಪ್ತರಾಗುವುದುಂಟು. ಈ ಪರೀಕ್ಷೆಗೆ ಅರ್ಥವಿಲ್ಲ. ಪೆಟ್ರೋಲಿನ ಸ್ನಿಗ್ಧತೆ ನೀರಿನದರ ಅರ್ಧದಷ್ಟು. ಅದರ ಮೇಲ್ಮೈಯೆಳೆತ ನೀರಿನದರ ಮೂರರಲ್ಲೊಂದು ಪಾಲಿಗಿಂತಲೂ ತುಸು ಕಡಮೆ. ನೀರು ಹೊಗಲಾರದೆ ನಿಲ್ಲುವ ಕೂದಲೆಳೆಯಂತಹ ಬಿರುಕಿನಲ್ಲಿ ಪೆಟ್ರೋಲು ಸಲೀಸಾಗಿ ನುಸುಳುತ್ತದೆ. ಪಂಪು ಅದನ್ನು ತಳ್ಳುವ ಒತ್ತಡವೇನೂ ದೊಡ್ಡದಲ್ಲ, ವಾಯುಭಾರದ ಐದನೆಯ ಒಂದು ಪಾಲು ಮಾತ್ರ. ತೊಟ್ಟಿಯಿಂದ ಪಂಪಿನವರೆಗಿನ ಭಾಗದಲ್ಲಂತೂ ಇಂಜಿನ್ ನಡೆಯುವಾಗ ತಳ್ಳುವಿಕೆಯೇ ಇಲ್ಲ, ಹೀರುವಿಕೆ ಇದೆ. ಆ ಭಾಗದ ಜೋಡಣೆ ಸಡಿಲವಾದರೆ ಹನಿ ಹೊರಗೆ ಬೀಳದೆ ಗಾಳಿಯೇ ಒಳಗೆ ಸೇರಿ, ಏರುದಾರಿಯಲ್ಲಿ ಇಂಜಿನ್ನು ಕೆಮ್ಮಿ ನಿಂತುಬಿಡುತ್ತದೆ. ಆಗ ಕಾರ್ಬ್ಯುರೇಟರನ್ನು ಬಿಚ್ಚಿ ದೂರುವವರೇ ಹೆಚ್ಚು.

ಇನ್ನು ಜೋಡಣೆಯನ್ನು ನೋಡೋಣ. ಕೊಳವೆಯ ತುದಿಯನ್ನು ಹೂವಿನಂತೆ ಅರಳಿಸಿ, ಆ ಅರಳುಬಾಯಿಯನ್ನು ಶಂಕುವಿನಾಕಾರದ ಗದ್ದುಗೆಯೊಂದರ ಮೇಲೆ ಕೂರಿಸಿ, ಹಿಂದಿನಿಂದ ನಟ್ಟು ತಿರುಗಿಸಿ ಅದುಮುವುದು ಒಂದು ವಿಧಾನ. ಇದಕ್ಕೆ ಕಾರ್ಖಾನೆಗಳಲ್ಲಿ ಫ್ಲೇರ್ ಜೋಡಣೆಯೆನ್ನುತ್ತಾರೆ. ಕೊಳವೆಗೆ ಆಲಿವ್ ಎಂಬ ಮೃದುವಾದ ಉಂಗುರವನ್ನು ತೊಡಿಸಿ ಹಿಂಡುವುದು ಇನ್ನೊಂದು ವಿಧಾನ. ಟೊಳ್ಳು ಬೋಲ್ಟಿನ ಎರಡು ಪಕ್ಕಗಳಲ್ಲಿ ತಾಮ್ರದ ವಾಶರುಗಳನ್ನಿಟ್ಟು ಬಿಗಿಯುವುದು ಮೂರನೆಯದು. ಮೂರರ ತತ್ತ್ವವೂ ಒಂದೇ. ಎಷ್ಟು ನಯವಾಗಿ ಕಡೆದ ಲೋಹವಾದರೂ ಸೂಕ್ಷ್ಮದರ್ಶಕದ ಕೆಳಗೆ ಅದು ಯಲ್ಲಮ್ಮನ ಗುಡ್ಡದ ಸುತ್ತಣ ಸೀಮೆಯಂತೆ ಏರುತಗ್ಗಾಗಿ ಕಾಣುತ್ತದೆ. ಎರಡು ಮೇಲ್ಮೈಗಳನ್ನು ಸೇರಿಸಿದಾಗ ಶಿಖರಗಳು ಮಾತ್ರ ತಾಗುತ್ತವೆ. ಕಣಿವೆಗಳು ಪೆಟ್ರೋಲಿಗೆ ಹಾದಿಯಾಗುತ್ತವೆ. ಎರಡರಲ್ಲೊಂದು ಮೆತ್ತನೆಯ ಲೋಹವಾಗಿದ್ದರೆ ಅದು ಒತ್ತಡಕ್ಕೆ ಮಣಿದು, ಹರಿದು, ಇನ್ನೊಂದರ ಕಣಿವೆಗಳನ್ನು ತುಂಬುತ್ತದೆ. ಸೋರಿಕೆಯನ್ನು ತಡೆಯುವುದು ನಟ್ಟಿನ ತಿರುಪಲ್ಲ, ಈ ಮಣಿಯುವ ಗುಣ.

ನಟ್ಟಿನ ಶಕ್ತಿಯೂ ಅಲ್ಪವಲ್ಲ. 15 ಸೆಂಟಿಮೀಟರು ಉದ್ದದ ಪಾನಾ ಹಿಡಿದು, 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಅರ್ಧ ಅಂಗುಲದ ನಟ್ಟನ್ನು ಬಿಗಿದರೆ, ಘರ್ಷಣೆಗೆ ಹೋದದ್ದು ಹೋಗಿ, ಅರಳುಬಾಯಿಯ ಮೇಲೆ ಸುಮಾರು 600 ಕಿಲೋಗ್ರಾಂ ತೂಕ ಬೀಳುತ್ತದೆ. ಇಳಿಜಾರನ್ನೇ ಸುತ್ತಿ ಸುತ್ತಿ ಮಾಡಿದ ಯಂತ್ರವಲ್ಲವೇ ತಿರುಪು? ತಾಗುವ ಉಂಗುರದ ವಿಸ್ತಾರವು 25 ಚದರ ಮಿಲಿಮೀಟರೆಂದುಕೊಂಡರೆ, ಪ್ರತಿ ಚದರ ಮಿಲಿಮೀಟರಿಗೆ 24 ಕಿಲೋಗ್ರಾಂ. ಹದವಾಗಿ ಮೆತ್ತಗಿರುವ ತಾಮ್ರವು 10 ಕಿಲೋಗ್ರಾಂ ತಲಪುವ ಮೊದಲೇ ಮಣಿಯಲಾರಂಭಿಸುತ್ತದೆ. ಅದಕ್ಕೆ ಇಷ್ಟು ಸಾಕು, ಬೇಕಾದುದಕ್ಕಿಂತ ಹೆಚ್ಚೇ ಆಯಿತು.

ಹಾಗಿದ್ದೂ ಸೋರುವುದೇಕೆ? ತಾಮ್ರಕ್ಕೆ ಒಂದು ವಿಚಿತ್ರ ಸ್ವಭಾವವಿದೆ: ಬಡಿದಷ್ಟೂ, ಬಾಗಿಸಿದಷ್ಟೂ, ಹಿಂಡಿದಷ್ಟೂ ಅದು ಗಟ್ಟಿಯಾಗುತ್ತದೆ. ಲೋಹದ ಸ್ಫಟಿಕಗಳಲ್ಲಿ ಪರಮಾಣುಗಳ ಸಾಲುಗಳು ಕೆಲವೆಡೆ ತಪ್ಪಿ ಕುಳಿತಿರುತ್ತವೆ. ಲೋಹವು ಮಣಿಯುವುದು ಈ ಸಾಲುದೋಷಗಳು ಸರಿದಾಡುವುದರಿಂದ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಈ ವಿಚಾರವನ್ನು ಮುಂದಿಟ್ಟರು. ಲೋಹವನ್ನು ಮತ್ತೆ ಮತ್ತೆ ದಂಡಿಸಿದಾಗ ದೋಷಗಳ ಸಂಖ್ಯೆ ಹೆಚ್ಚಿ, ಜಾತ್ರೆಯ ಓಣಿಯಲ್ಲಿ ಸಿಕ್ಕಿಕೊಂಡ ಬಂಡಿಗಳಂತೆ ಒಂದನ್ನೊಂದು ತಡೆದು ನಿಲ್ಲುತ್ತವೆ, ಲೋಹ ಬಿರುಸಾಗುತ್ತದೆ. ಐವತ್ತು ಅರುವತ್ತು ವರ್ಷ ಬಿಚ್ಚಿ ಬಿಗಿದ ತಾಮ್ರದ ಅರಳುಬಾಯಿಯ ಪಾಡು ಇದೇ. ಇಂಜಿನ್ನಿನ ಅದುರಾಟವೂ ಇದಕ್ಕೆ ಸೇರುತ್ತದೆ. ಸೋರಿತೆಂದು ಮತ್ತಷ್ಟು ಬಿಗಿದರೆ ಅದು ಇನ್ನೂ ಬಿರುಸಾಗಿ, ಕಡೆಗೊಮ್ಮೆ ಸೀಳುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಹಳೆಯ ಗಾಡಿಗಳ ಜೋಡಣೆಗಳನ್ನು ಕಾಲಕ್ಕಿಂತ ಹೆಚ್ಚಾಗಿ ಕೆಡಿಸಿರುವುದು ಬಲಿಷ್ಠರ ಕೈಯಲ್ಲಿಯ ಪಾನಾ.

ಇದಕ್ಕೆ ಮದ್ದು ನಮ್ಮ ತಾಮ್ರಕೆಲಸದವರಿಗೆ ಬಹು ಹಿಂದಿನಿಂದಲೂ ತಿಳಿದಿದೆ. ಕೊಡವನ್ನು ಬಡಿಯುತ್ತ ತಗಡು ಬಿರುಸಾದಾಗ ಅವರು ಅದನ್ನು ಬೆಂಕಿಯಲ್ಲಿ ಕಾಸಿ ಮತ್ತೆ ಬಡಿಯುತ್ತಾರೆ. ಮಂದವಾದ ಕೆಂಪು ಬಣ್ಣ ಬರುವವರೆಗೆ, ಅಂದರೆ ಸುಮಾರು 600 ಡಿಗ್ರಿ ಸೆಲ್ಸಿಯಸಿಗೆ, ಕಾಸಿದಾಗ ಹೊಸ ಸ್ಫಟಿಕಗಳು ಹುಟ್ಟಿ ದೋಷಗಳ ಗೋಜಲು ಅಳಿಯುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಕಮ್ಮಾರನು ಕುಳವನ್ನು ಕಾಸಿ ನೀರಿನಲ್ಲಿ ಅದ್ದುವುದು ಉಕ್ಕಿನ ಮೊನೆ ಗಟ್ಟಿಯಾಗಲೆಂದು. ಕಾದ ತಾಮ್ರವನ್ನು ಅದೇ ನೀರಿನಲ್ಲಿ ಅದ್ದಿದರೂ ಅದು ಮೆತ್ತಗೆಯೇ ಉಳಿಯುತ್ತದೆ. ಉಕ್ಕಿನಲ್ಲಿ ಇಂಗಾಲವಿದೆ, ತಣಿಯುವ ವೇಗಕ್ಕೆ ಅದರ ಸ್ಫಟಿಕರಚನೆ ಬದಲಾಗುತ್ತದೆ. ಶುದ್ಧ ತಾಮ್ರಕ್ಕೆ ಅಂತಹ ಬದಲಾವಣೆಯಿಲ್ಲ. ಕಾಸಿದ ತಾಮ್ರದ ಮೇಲಿನ ಕರಿಯ ಪೊರೆಯನ್ನು ತೆಗೆಯಲು ಮನೆಯ ತಂಬಿಗೆಗೆ ಹಚ್ಚುವ ಹುಣಿಸೆಹುಳಿಯೇ ಸಾಕು. ಆದರೆ ಕಾಸುವ ಮುನ್ನ ಕೊಳವೆಯನ್ನು ಗಾಡಿಯಿಂದ ಪೂರ್ತಿ ಬಿಚ್ಚಿ, ತೊಳೆದು, ಗಾಳಿ ಹಾಯಿಸಿ, ಗಾಡಿಯಿಂದ ಬಹುದೂರ ಒಯ್ಯತಕ್ಕದ್ದು. ಪೆಟ್ರೋಲಿನ ತೊಟ್ಟಿಗಂತೂ ಯಾವ ಕಾರಣಕ್ಕೂ ಬೆಂಕಿಯ ಸೋಂಕು ಕೂಡದು. ಬರಿದಾದ ತೊಟ್ಟಿಯಲ್ಲಿ ಉಳಿದ ಆವಿಯು ತುಂಬಿದ ತೊಟ್ಟಿಗಿಂತಲೂ ಘಾತುಕ.

ಬಿರುಸಾಗದ ತಾಮ್ರವೂ ಸೋರುವುದುಂಟು, ಗದ್ದುಗೆಯ ಕೋನ ಹೊಂದದಿದ್ದಾಗ. ಹಳೆಯ ಮೋಟಾರುಗಳ ಫ್ಲೇರ್ ಗದ್ದುಗೆಗೆ ಸಾಮಾನ್ಯವಾಗಿ 45 ಡಿಗ್ರಿ ಕೋನವಿದ್ದರೆ, ಹೈಡ್ರಾಲಿಕ್ ಯಂತ್ರಗಳಲ್ಲಿ 37 ಡಿಗ್ರಿಯ ಜೋಡಣೆಗಳೇ ಬಹಳ ರೂಢಿಯಲ್ಲಿವೆ. ಬೆಳಗಾವಿಯ ಉದ್ಯಮಬಾಗ ಹೈಡ್ರಾಲಿಕ್ ಸಾಮಗ್ರಿಗೆ ಹೆಸರಾದ ಸ್ಥಳ. ಅಂತಹ ಅಂಗಡಿಯಲ್ಲಿ ದೊರೆತ ನಟ್ಟು ಜೀಪಿಗೆ ಸರಿಹೊಂದಿದಂತೆ ಕಂಡರೂ ಗದ್ದುಗೆ ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗೀತು. ತಿರುಪುಗಳಲ್ಲಿಯೂ ಜಾತಿಭೇದವುಂಟು. ಬ್ರಿಟನ್ನಿನ ಹಳೆಯ ಗಾಡಿಗಳಲ್ಲಿ 1841ರ ವಿಟ್‌ವರ್ತ್ ಪದ್ಧತಿಯ 55 ಡಿಗ್ರಿಯ ಸುತ್ತುಗಳು, ಅಮೆರಿಕದವುಗಳಲ್ಲಿ 60 ಡಿಗ್ರಿಯವು. ಬೆರಳಿನಿಂದ ಎರಡು ಸುತ್ತು ಸರಾಗವಾಗಿ ಏರದ ನಟ್ಟನ್ನು ಪಾನಾದಿಂದ ಏರಿಸತಕ್ಕದ್ದಲ್ಲ.

ಈಚೆಗೆ ಇನ್ನೊಂದು ಕಾರಣವೂ ಸೇರಿದೆ. ಭಾರತದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣವು 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಬೆಳಗಾವಿ ಜಿಲ್ಲೆಯ ಕಬ್ಬಿಗೆ ಇದರಲ್ಲಿ ದೊಡ್ಡ ಪಾತ್ರವಿದ್ದರೂ ಹಳೆಯ ಜೀಪಿಗೆ ಇದು ಹಿತವಲ್ಲ. ಹಿಂದಿನ ಮೆಕ್ಯಾನಿಕರು ತಿರುಪಿಗೆ ಅರಗಿನ ದ್ರಾವಣವನ್ನು ಹಚ್ಚುತ್ತಿದ್ದರು. ಅರಗು ಪೆಟ್ರೋಲಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ! ಪಂಪಿನ ಹಳೆಯ ರಬ್ಬರಿನ ಪೊರೆ, ಮೆದುಗೊಳವೆಗಳು ಎಥನಾಲಿನಿಂದ ಊದಿ ಬಿರಿಯುತ್ತವೆ. ಇವುಗಳ ಬದಲು ಎಥನಾಲನ್ನು ತಾಳುವ ಫ್ಲೂರೋರಬ್ಬರಿನವನ್ನು ಹಾಕುವುದೇ ಉಪಾಯ. ದಾರಿಯಲ್ಲಿ ತೊಟ್ಟಿ ಸೋರಿದಾಗ ಚಾಲಕರು ಸಾಬೂನನ್ನು ಮೆತ್ತುವುದು ನಗೆಯ ಮಾತಲ್ಲ. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದರೆ ಅದು ಊರು ಸೇರುವವರೆಗಿನ ಮಾತು.

ಸರಿಪಡಿಸುವ ಕ್ರಮ ಹೀಗೆ. ಗಾಡಿಯನ್ನು ಬಯಲಿಗೆ ತಂದು, ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಬೀಡಿ ಸೇದುವವರನ್ನು ದೂರ ಕಳುಹಿಸಬೇಕು. ಹತ್ತಿರದಲ್ಲಿ ಒಣ ಮರಳು ಅಥವಾ ಪುಡಿಯ ಅಗ್ನಿಶಾಮಕವಿರಲಿ. ನೀರು ಬೇಡ, ಉರಿವ ಪೆಟ್ರೋಲು ಅದರ ಮೇಲೆ ತೇಲಿ ಹರಡುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ನಂಬಬಾರದು, ಪೆಟ್ರೋಲು ಕೊಳವೆಯ ಮೈಗುಂಟ ಹರಿದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಎಲ್ಲವನ್ನೂ ಒರಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿದರೆ ಮೊದಲು ತೇವವಾಗುವ ಕಡೆ ಗೊತ್ತಾಗುತ್ತದೆ. ಬಿಚ್ಚುವಾಗ ಒಂದು ಪಾನಾದಿಂದ ಜೋಡಣೆಯ ಮೈಯನ್ನು ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು. ಇಲ್ಲವಾದರೆ ಕೊಳವೆಯೇ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಅರಳುಬಾಯಿಯನ್ನು ಭೂತಗನ್ನಡಿಯಿಂದ ನೋಡಿದಾಗ ಹೊಳೆಯುವ ಉಂಗುರವು ಎಲ್ಲಿಯೂ ತುಂಡಾಗದೆ ಕಂಡರೆ ಗದ್ದುಗೆ ಚೆನ್ನಾಗಿದೆಯೆಂದರ್ಥ. ಸೀಳಿದ್ದರೆ ತುದಿಯನ್ನು ಕತ್ತರಿಸಿ, ಅಂಚಿನ ಸೀಬುಗಳನ್ನು ಕೆರೆದು, ಹೊಸದಾಗಿ ಅರಳಿಸಬೇಕು. ಅರಳಿಸುವ ಮುಂಚೆ ನಟ್ಟನ್ನು ಕೊಳವೆಗೆ ತೊಡಿಸಿರಬೇಕೆಂಬುದನ್ನು ನುರಿತವರೂ ಮರೆಯುವುದುಂಟು! ಉಕ್ಕಿನ ಕೊಳವೆಯಾದರೆ ಅಂಚನ್ನು ಇಮ್ಮಡಿಯಾಗಿ ಮಡಿಸಿ ಅರಳಿಸುವುದು ಲೇಸು. ನಲ್ಲಿಗೆ ಸುತ್ತುವ ಬಿಳಿಯ ಟೇಪು ಇಲ್ಲಿ ನಿರುಪಯೋಗಿ. ಸೀಲಾಗುವುದು ಗದ್ದುಗೆಯಲ್ಲಿ, ತಿರುಪಿನಲ್ಲಲ್ಲ. ಮೇಲಾಗಿ ಅದರ ಚೂರುಗಳು ಕಾರ್ಬ್ಯುರೇಟರಿನ ಸಣ್ಣ ರಂಧ್ರವನ್ನು ಮುಚ್ಚುತ್ತವೆ.

ಮರುಜೋಡಿಸಿದ ಮೇಲೆ, ಪಂಪಿಗೆ ಕೈಸನ್ನೆ ಇದ್ದರೆ ಅದರಿಂದ ಪೆಟ್ರೋಲು ಏರಿಸಿ, ಸೀಮೆಸುಣ್ಣದ ಪುಡಿ ಉದುರಿಸಿ ಒಂದು ಗಂಟೆ ಕಾಯಬೇಕು. ಪುಡಿ ಒಣಗಿಯೇ ಇದ್ದರೆ ಬ್ಯಾಟರಿಯ ತಂತಿಯನ್ನು ಸೇರಿಸಿ ಇಂಜಿನ್ ನಡೆಸಬಹುದು. ಸವದತ್ತಿಗೊಮ್ಮೆ ಹೋಗಿಬಂದು, ಗಾಡಿ ತಣ್ಣಗಾದ ಬಳಿಕ ಅದೇ ಜೋಡಣೆಯನ್ನು ಮತ್ತೊಮ್ಮೆ ಪುಡಿಯಿಂದ ಪರೀಕ್ಷಿಸಬೇಕು. ಕಾದು ತಣಿದಾಗ ಹಿತ್ತಾಳೆ, ತಾಮ್ರ, ಉಕ್ಕುಗಳು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ.