ಪದಕದ ಅಂಚಿನಲ್ಲಿರುವ ಹೆಸರು

ಹಳೆಯ ಮನೆಗಳ ಟ್ರಂಕಿನಲ್ಲಿ, ದೇವರ ಮನೆಯ ಗೂಡಿನಲ್ಲಿ, ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ತಳದಲ್ಲಿ ಕೆಲವೊಮ್ಮೆ ದುಂಡನೆಯ ಒಂದು ಲೋಹದ ಬಿಲ್ಲೆ ಸಿಗುತ್ತದೆ. ನಾಣ್ಯಕ್ಕಿಂತ ದೊಡ್ಡದು. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಕುದುರೆ ಏರಿದ ಮನುಷ್ಯ. ಮೇಲ್ಗಡೆ ರಿಬ್ಬನ್ ಪೋಣಿಸಲು ಕಂಬಿ. ‘ನಮ್ಮ ಹಿರಿಯರು ಯಾರೋ ಯುದ್ಧಕ್ಕೆ ಹೋಗಿದ್ದರಂತೆ’ ಎನ್ನುವುದು ಬಿಟ್ಟರೆ ಮನೆಯವರಿಗೂ ಹೆಚ್ಚೇನೂ ಗೊತ್ತಿರುವುದಿಲ್ಲ.

ಇಂಥ ಮನೆಗಳು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಮೊದಲ ಮಹಾಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರು ತಂದ ಪದಕಗಳು ಇಂದು ಮೊಮ್ಮಕ್ಕಳ, ಮರಿಮಕ್ಕಳ ಕೈಯಲ್ಲಿವೆ.

ಬ್ಯಾಂಕಿನಲ್ಲಿ 35 ವರ್ಷ ಲೆಡ್ಜರ್ ಬರೆದವನು ನಾನು. ಚೀಟಿ ಇಲ್ಲದೆ ಜಮೆ ಇಲ್ಲ, ಸಹಿ ಇಲ್ಲದೆ ಖರ್ಚಿಲ್ಲ ಎಂಬುದು ಅಲ್ಲಿನ ಪಾಠ. ಹಿರಿಯರ ಪದಕವೂ ಅಂಥ ಒಂದು ಚೀಟಿಯೇ. ಅದನ್ನು ಓದಲು ಕಲಿತರೆ ಸಾಕು.

ಮೊದಲು ಒಂದು ಎಚ್ಚರಿಕೆ. ಪದಕ ಸಿಕ್ಕ ಕೂಡಲೇ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಪಾಲಿಶ್ ಪುಡಿಯೂ ಬೇಡ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಆಮೇಲೆ ಭೂತಗನ್ನಡಿ ಹಿಡಿದು, ಓರೆ ಬೆಳಕಿನಲ್ಲಿ ಅದರ ಅಂಚನ್ನು ನೋಡಿ. ಮುಖವಲ್ಲ, ಅಂಚು! ಮೊದಲ ಮಹಾಯುದ್ಧದ ದುಂಡು ಪದಕಗಳಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲವನ್ನೂ ಅಂಚಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. 1914-15ರ ನಕ್ಷತ್ರ ಪದಕವಾದರೆ ಹೆಸರು ಹಿಂಬದಿಯಲ್ಲಿರುತ್ತದೆ. ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಗಟ್ಟಿಯಾಗಿ ಓದಿ ನೋಡಿದರೆ ಗುರುತು ಸಿಗುತ್ತದೆ.

ಇನ್ನು ಯಾವ ಪದಕ ಎಂದು ತಿಳಿಯಬೇಕು. ಐದನೇ ಜಾರ್ಜ್ ದೊರೆಯ ಮುಖ, ಹಿಂದೆ ಕುದುರೆ ಸವಾರ, 1914 ಮತ್ತು 1918 ಎಂಬ ಇಸವಿಗಳು ಇದ್ದರೆ ಅದು ಮೊದಲ ಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’. ರೆಕ್ಕೆಯ ದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಇದ್ದರೆ ‘ವಿಕ್ಟರಿ ಮೆಡಲ್’. ಆರು ಮೊನೆಯ ಹಳದಿ ನಕ್ಷತ್ರವಾದರೆ ಎರಡನೇ ಯುದ್ಧದ್ದು. ಅದರ ರಿಬ್ಬನ್‌ಗಳೇ ಕಥೆ ಹೇಳುತ್ತವೆ ಮಕ್ಕಳೇ! ‘ಆಫ್ರಿಕಾ ಸ್ಟಾರ್’ನ ಮರಳು ಬಣ್ಣ ಮರುಭೂಮಿಯದು. ‘ಬರ್ಮಾ ಸ್ಟಾರ್’ನ ಕಿತ್ತಳೆ ಪಟ್ಟಿ ಸೂರ್ಯನದು. ‘1939-45 ಸ್ಟಾರ್’ನ ಕಡುನೀಲಿ, ಕೆಂಪು, ತಿಳಿನೀಲಿ ಮೂರೂ ಕ್ರಮವಾಗಿ ನೌಕಾಪಡೆ, ಭೂಸೇನೆ, ವಾಯುಪಡೆಯವು.

ಒಂದು ಮಾತು ನೆನಪಿರಲಿ. ಇವೆಲ್ಲ ಯುದ್ಧದಲ್ಲಿ ಸೇವೆ ಮಾಡಿದವರಿಗೆಲ್ಲ ಕೊಟ್ಟ ಪದಕಗಳು. ‘ವಿಕ್ಟೋರಿಯಾ ಕ್ರಾಸ್’, ‘ಇಂಡಿಯನ್ ಆರ್ಡರ್ ಆಫ್ ಮೆರಿಟ್’, ‘ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್’ ಇಂಥವು ಮಾತ್ರ ಶೌರ್ಯಕ್ಕೆ ಸಂದವು. ಎರಡನ್ನೂ ಬೆರೆಸಬಾರದು.

ಈ ವ್ಯತ್ಯಾಸ ನಮ್ಮ ಮನೆಯಲ್ಲೇ ಒಂದು ದೊಡ್ಡ ಚರ್ಚೆಗೆ ಕಾರಣವಾಯಿತು. ನನ್ನ ತಾತ ಮೈಸೂರು ಲ್ಯಾನ್ಸರ್ಸ್ ಜೊತೆ ಹೋಗಿದ್ದವರು. ಹೈಫಾದಲ್ಲಿ ಈಟಿ ಹಿಡಿದು ಶತ್ರುವಿನ ಫಿರಂಗಿಯ ಮೇಲೆ ನುಗ್ಗಿದರು ಎಂದು ಮನೆಯ ಹಿರಿಯರೆಲ್ಲ ಹೇಳುತ್ತಿದ್ದರು. ಏಳನೇ ಕ್ಲಾಸಿನ ಮೊಮ್ಮಗಳು ಶಾಲೆಗೆ ‘ನಮ್ಮ ಮನೆಯ ಹಿರಿಯರು’ ಎಂಬ ಪ್ರಬಂಧ ಬರೆಯಬೇಕಿತ್ತು. ಪದಕದ ಅಂಚನ್ನು ಅವಳೇ ಓದಿದಳು. ಸಂಖ್ಯೆ, ತಾತನ ಹೆಸರು, ಮೈಸೂರು ಲ್ಯಾನ್ಸರ್ಸ್, ಎಲ್ಲ ಸರಿ. ಆದರೆ ಹುದ್ದೆಯ ಜಾಗದಲ್ಲಿ ‘ಸವಾರ್’ ಎಂದಿರಲಿಲ್ಲ, ‘ಸೈಸ್’ ಎಂದಿತ್ತು. ಸೈಸ್ ಎಂದರೆ ಕುದುರೆಗಳನ್ನು ನೋಡಿಕೊಳ್ಳುವ ಆಳು.

ಲೋಹವೂ ಅದನ್ನೇ ಹೇಳಿತು. ಈ ಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟರು. ಅವರ ಜೊತೆಯಲ್ಲಿ ದುಡಿದ ಕೂಲಿ ದಳದವರು, ಪರಿಚಾರಕರು ಮೊದಲಾದವರಲ್ಲಿ ಅನೇಕರಿಗೆ ಕಂಚಿನಲ್ಲಿ ಕೊಟ್ಟರು. ನಮ್ಮದು ಕಂಚು.

ಹುಡುಗಿಯ ಮುಖ ಸಪ್ಪಗಾಯಿತು. “ತಾತಾ, ಹಾಗಾದರೆ ನಿಮ್ಮ ತಾತ ಯುದ್ಧ ಮಾಡಲೇ ಇಲ್ವಾ? ಬರೀ ಕುದುರೆ ತೊಳೀತಿದ್ರಾ?” ಎಂದಳು. ಮನೆಯ ಇನ್ನೊಬ್ಬರು, “ಅದೆಲ್ಲ ಯಾಕೆ ಬರೀತೀಯಾ? ಸವಾರ ಅಂತಲೇ ಹಾಕು, ಯಾರು ನೋಡ್ತಾರೆ?” ಎಂದರು.

ನಾನು ಅವಳಿಗೆ ಹೈಫಾದ ಲೆಕ್ಕ ತೋರಿಸಿದೆ. 1918ರ ಸೆಪ್ಟೆಂಬರ್ 23. ಇಂದಿನ ಇಸ್ರೇಲಿನಲ್ಲಿರುವ ಹೈಫಾ ಆಗ ತುರ್ಕರ ವಶದಲ್ಲಿತ್ತು. ಒಂದು ಕಡೆ ಕಿಶೋನ್ ನದಿಯ ಕೆಸರು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮಷಿನ್‌ಗನ್‌ಗಳು. ಜೋಧಪುರದ ಲ್ಯಾನ್ಸರ್ಸ್ ಊರಿನತ್ತ ನುಗ್ಗಿದರೆ, ಮೈಸೂರಿನವರು ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದರು. ಸಂಜೆಯೊಳಗೆ ಊರು ಕೈವಶವಾಯಿತು. ಸುಮಾರು 1,350 ಮಂದಿ ಸೆರೆ ಸಿಕ್ಕರು. ನಮ್ಮವರಲ್ಲಿ 8 ಮಂದಿ ಮಡಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅವರಲ್ಲೊಬ್ಬರು. 34 ಮಂದಿ ಗಾಯಗೊಂಡರು. ಕುದುರೆಗಳು? 60 ಸತ್ತವು, 83 ಗಾಯಗೊಂಡವು.

“ನೋಡು ಪುಟ್ಟಿ, ಮೈಸೂರಿನ ದಳ 1914ರಲ್ಲೇ ಹೊರಟಿತ್ತು. ಸೂಯೆಜ್ ಕಾಲುವೆಯ ಕಾವಲು, ಸಿನಾಯ್ ಮರಳು, ಅಷ್ಟು ವರ್ಷ ಕುದುರೆಗಳಿಗೆ ನೀರು ಕುಡಿಸಿ, ಮೇವು ಹಾಕಿ, ಕಾಲು ನೋಡಿ ನಿಲ್ಲಿಸಿದವರು ಯಾರು? ಸಂಜೆ ಆ 83 ಕುದುರೆಗಳ ಗಾಯ ತೊಳೆದವರು ಯಾರು? ಕುದುರೆ ನಿಲ್ಲದಿದ್ದರೆ ಸವಾರ ಎಲ್ಲಿಗೆ ಹೋಗ್ತಾನೆ?” ಎಂದೆ. ಆ ದಿನ ತಾತ ಹೈಫಾದಲ್ಲೇ ಇದ್ದರು ಎಂದು ಪದಕ ಹೇಳುವುದಿಲ್ಲ. ಅವರು ದಳದ ಜೊತೆ ಯುದ್ಧಸೇವೆಗೆ ಹೋದರು ಎಂಬುದಷ್ಟೇ ಅದರ ಸಾಕ್ಷ್ಯ. ಅಷ್ಟನ್ನೇ ಬರೆಯೋಣ ಎಂದೆ.

ಇನ್ನೊಂದು ಸಂಗತಿ ಅವಳಿಗೆ ಬಹಳ ಹಿಡಿಸಿತು. ಬೆಳ್ಳಿಯ ಪದಕಗಳು ಸುಮಾರು 65 ಲಕ್ಷ ತಯಾರಾದರೆ, ಕಂಚಿನವು ಸುಮಾರು 1 ಲಕ್ಷ 10 ಸಾವಿರ ಮಾತ್ರ. ಬೆಳ್ಳಿಯದರಲ್ಲಿ ಸುಮಾರು ಒಂದು ಔನ್ಸ್ ಬೆಳ್ಳಿ ಇದ್ದುದರಿಂದ ಎಷ್ಟೋ ಪದಕಗಳು ಕಷ್ಟಕಾಲದಲ್ಲಿ ಅಕ್ಕಸಾಲಿಗರ ಮೂಸೆ ಸೇರಿದವು. ನಮ್ಮ ಮನೆಯಲ್ಲೂ ಬರಗಾಲದ ವರ್ಷ ಬೆಳ್ಳಿಯ ಲೋಟ, ಕಾಲಂದಿಗೆ ಎಲ್ಲ ಅಡವಿಗೆ ಹೋದವು, ತಿರುಗಿ ಬರಲಿಲ್ಲ. ಕಂಚಿನ ಬಿಲ್ಲೆಗೆ ಯಾರೂ ಬೆಲೆ ಕಟ್ಟಲಿಲ್ಲ. ಹಾಗಾಗಿಯೇ ತಾತನ ಹೆಸರು ಉಳಿಯಿತು.

ಪ್ರಬಂಧದಲ್ಲಿ ಅವಳು ‘ಸೈಸ್’ ಎಂದೇ ಬರೆದಳು.

ನೀವೂ ಹುಡುಕಲು ಹೊರಟರೆ ಅಂಚಿನಲ್ಲಿರುವ ದಳದ ಹೆಸರು ಹಿಡಿದು ಹೋಗಿ. ದಳ ಎಲ್ಲಿ ಹೋಯಿತೆಂದು ಗೊತ್ತಾದರೆ ಹಿರಿಯರ ದಾರಿ ಅರ್ಧ ತಿಳಿದಂತೆ. ಯುದ್ಧದಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಅಂತರ್ಜಾಲದಲ್ಲೇ, ಹಣ ಕೊಡದೆ ಹುಡುಕಬಹುದು. ಬದುಕಿ ಬಂದವರು ಅದರಲ್ಲಿರುವುದಿಲ್ಲ. ಹಳೆಯ ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಮನೆಯಲ್ಲಿ ಪಿಂಚಣಿ ಪುಸ್ತಕ, ಬಿಡುಗಡೆ ಪತ್ರ, ಸಮವಸ್ತ್ರದ ಫೋಟೊ ಇದ್ದರೆ ಹೊರಗೆ ತೆಗೆಯಿರಿ. ಫೋಟೊದ ಹಿಂಬದಿ ನೋಡಲು ಮರೆಯಬೇಡಿ.

ಮಕ್ಕಳೇ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಹಾಕಿ. ಒಂದರಲ್ಲಿ ಪದಕ ಹೇಳುವುದು, ಎರಡನೆಯದರಲ್ಲಿ ಕಾಗದಪತ್ರ ಹೇಳುವುದು, ಮೂರನೆಯದರಲ್ಲಿ ಅಜ್ಜ ಅಜ್ಜಿ ಹೇಳುವುದು. ಒಂದನ್ನು ಇನ್ನೊಂದರ ಮನೆಗೆ ತಳ್ಳಬೇಡಿ. ಮೂರೂ ಕೂಡಿ ಬಂದದ್ದನ್ನು ಧೈರ್ಯವಾಗಿ ಬರೆಯಿರಿ. ಅಜ್ಜ ಅಜ್ಜಿಯರೇ, ಮೂರನೇ ಕಾಲಂ ತುಂಬಿಸುವುದು ನಿಮ್ಮ ಕೆಲಸ. ಮಕ್ಕಳು ಕೇಳಲಿ ಎಂದು ಕಾಯಬೇಡಿ.

ದೆಹಲಿಗೆ ಹೋದಾಗ ತೀನ್ ಮೂರ್ತಿ ವೃತ್ತದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿನ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್ ದಳಗಳವು. ಅಷ್ಟು ದೂರ ಆಗದಿದ್ದರೆ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಕುದುರೆಗೆ ನೀರು ಹೊತ್ತವರ ನೆನಪಿಗೂ ಅಲ್ಲಿ ಒಂದು ಹೂವಿಟ್ಟು ಬನ್ನಿ.