ಹುಳು ಸಾಕಣೆ ಮನೆಯ ಕಿಟಕಿ ಸಂದುಗಳನ್ನು ಮುಚ್ಚಿರಿ

ಮಾಗಿಯ ರಾತ್ರಿಗಳಲ್ಲಿ ಬಿಸಿ ಒದಗಿಸಿದರೂ ರೇಷ್ಮೆಹುಳು ಮನೆಯ ಉಷ್ಣತೆ ಇಳಿಯುವುದುಂಟು. ಇದಕ್ಕೆ ಹಲವು ಕಡೆ ಕಿಟಕಿ, ಬಾಗಿಲುಗಳ ಸಂದಿನಿಂದ ನುಗ್ಗುವ ತಣ್ಣನೆಯ ಗಾಳಿಯೇ ಕಾರಣ. ಚಾಕಿ ಹುಳುಗಳಿಗೆ 27-28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇಕಡ 85-90 ತೇವಾಂಶ ಅಗತ್ಯ. ಐದನೆಯ ಹಂತದಲ್ಲಿ 24-25 ಡಿಗ್ರಿ ಸಾಕು. ಚಳಿಗಾಳಿ ತಾಗಿದ ಹುಳುಗಳು ಸೊಪ್ಪನ್ನು ಸರಿಯಾಗಿ ತಿನ್ನುವುದಿಲ್ಲ. ಜ್ವರದಿಂದ ಒಟ್ಟಿಗೆ ಏಳುವುದಿಲ್ಲ. ಸಾಕಣೆಯ ದಿನಗಳೂ ಹೆಚ್ಚುತ್ತವೆ.

ಅದೇ ಸಂದು ಊಜಿ ನೊಣಕ್ಕೂ ದಾರಿ. 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಗಳಲ್ಲಿ ಹೊರಬಂದ ಮರಿ ಹುಳುವಿನ ಒಳಹೊಕ್ಕು, ಅಲ್ಲಿ ಕಪ್ಪು ಕಲೆ ಮೂಡುತ್ತದೆ. ಇಂತಹ ಹುಳು ಸಾಯುತ್ತದೆ, ಇಲ್ಲವೇ ಅದರ ಗೂಡು ತೂತಾಗುತ್ತದೆ.

ಪತ್ತೆ ಮಾಡುವ ವಿಧಾನ: ಚಾಕಿ ಕಟ್ಟುವ ಮೊದಲೇ ಪರೀಕ್ಷೆ ನಡೆಸಬೇಕು. ಹಗಲಿನಲ್ಲಿ ಎಲ್ಲವನ್ನೂ ಮುಚ್ಚಿ ಒಳಗೆ ನಿಂತರೆ ಬೆಳಕು ಕಾಣುವೆಡೆ ಸಂದಿದೆ ಎಂದರ್ಥ. ಗಾಳಿ ಬೀಸುವಾಗ ಉರಿಯುವ ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಒಯ್ಯಬೇಕು. ಹೊಗೆ ಅಡ್ಡಲಾಗಿ ಹರಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮುಚ್ಚಿದ ಕದದ ನಡುವೆ ಇಟ್ಟ ಕಾಗದ ಸುಲಭವಾಗಿ ಜಾರಿ ಬಂದರೆ ಕದ ಬಿಗಿಯಾಗಿಲ್ಲ.

ದುರಸ್ತಿ: ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕಿಗೆ ಸಿಮೆಂಟ್ ಗಾರೆ ತುಂಬಬೇಕು. ಕದದ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಡಿಯಬಹುದು. ಸಡಿಲವಾದ ತಿರುಗಣಿಗಳನ್ನು ಬಿಗಿ ಮಾಡಬೇಕು. ನೆಲದ ಬಿರುಕುಗಳಲ್ಲಿ ಊಜಿ ಮರಿಗಳು ಕೋಶಾವಸ್ಥೆಗೆ ಹೋಗುವುದರಿಂದ ಅವುಗಳನ್ನೂ ಮುಚ್ಚಬೇಕು.

ಎಚ್ಚರಿಕೆ: ಸಂದು ಮುಚ್ಚುವುದೆಂದರೆ ಗಾಳಿಯನ್ನೇ ತಡೆಯುವುದಲ್ಲ. ಬೆಳೆದ ಹುಳುಗಳಿಗೆ ಮತ್ತು ಗೂಡು ಕಟ್ಟುವ ಹಂತಕ್ಕೆ ಗಾಳಿಯಾಟ ಅತ್ಯಗತ್ಯ. ಆದ್ದರಿಂದ ಕಿಟಕಿ, ಬಾಗಿಲು, ಗವಾಕ್ಷಿಗಳಿಗೆ ನೈಲಾನ್ ಬಲೆ ಹಾಕಿ, ಬಿಸಿಲೇರಿದ ಮೇಲೆ ಕದ ತೆರೆಯಬೇಕು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿಸಬಾರದು. ಅದರ ವಿಷಾನಿಲ ಮನುಷ್ಯರ ಪ್ರಾಣಕ್ಕೇ ಅಪಾಯ.

ದುರಸ್ತಿ ಮುಗಿದ ಬಳಿಕ 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ ಮತ್ತು 30 ಗ್ರಾಂ ಅರಳಿದ ಸುಣ್ಣ ಬೆರೆಸಿ ಗೋಡೆ, ನೆಲ, ಚೌಕಟ್ಟುಗಳು ಚೆನ್ನಾಗಿ ನೆನೆಯುವಂತೆ ಸಿಂಪಡಿಸಬೇಕು. ಸಿಂಪಡಿಸುವವರು ಮೂಗು, ಬಾಯಿ, ಕೈಗಳಿಗೆ ರಕ್ಷಣೆ ಮಾಡಿಕೊಳ್ಳಬೇಕು. ಅಲ್ಪ ಖರ್ಚಿನ ಈ ಕೆಲಸವನ್ನು ಪ್ರತಿ ಚಳಿಗಾಲಕ್ಕೆ ಮುನ್ನ ಕೈಗೊಂಡರೆ ಬೆಳೆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.